ಕೃತಹಾನಿ ಮತ್ತು ಸೇನಾವೈದ್ಯೆಯ ದಾಖಲೆ

ಸೇವಾ ದಾಖಲೆಯೊಂದನ್ನು ಪೂರ್ವಾನ್ವಯವಾಗಿ, ಅಂದರೆ ಕಳೆದುಹೋದ ಒಂದು ತಾರೀಖಿನಿಂದಲೇ ಜಾರಿಗೆ ಬರುವಂತೆ, ತಿದ್ದುವ ಅಧಿಕಾರ ರಾಜ್ಯಕ್ಕೆ ಇದೆಯೆಂದು ಒಪ್ಪಿಕೊಂಡ ಮೇಲೆ, ಆ ತಿದ್ದುಪಡಿಯಿಂದ ನಿಜಕ್ಕೂ ಬದಲಾಗುವುದೇನು ಎಂಬ ಪ್ರಶ್ನೆ ಆಡಳಿತದ ಗಡಿ ದಾಟಿ ತತ್ತ್ವಶಾಸ್ತ್ರಕ್ಕೆ ಸೇರಿಬಿಡುತ್ತದೆ. ಎಂದೋ ಸಿಗಬೇಕಾಗಿದ್ದ ಮುಂಬಡ್ತಿಯನ್ನು ಇಂದು ಸಹಿ ಹಾಕಿ ಅಂದಿನ ತಾರೀಖಿಗೇ ಕೊಟ್ಟರೂ, ನಡುವಿನ ವರ್ಷಗಳಲ್ಲಿ ಆ ಅಧಿಕಾರಿ ತನಗಿಂತ ಕಿರಿಯರ ಅಪ್ಪಣೆಯಂತೆ ನಡೆದುಕೊಂಡದ್ದು ಸುಳ್ಳಾಗುವುದಿಲ್ಲ. ಆದದ್ದನ್ನು ಆಗದಂತೆ ಮಾಡುವ ಸಾಮರ್ಥ್ಯ ದೇವರಿಗೂ ಇಲ್ಲವೆಂಬ ನಾಟಕಕಾರ ಅಗಾಥಾನನ ಅಭಿಪ್ರಾಯವನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಒಪ್ಪಿ ಉಲ್ಲೇಖಿಸುತ್ತಾನೆ. 11ನೆಯ ಶತಮಾನದ ಇಟಲಿಯ ಕ್ರೈಸ್ತ ಸಂನ್ಯಾಸಿ ಪೀಟರ್ ಡೇಮಿಯನ್, ರೋಮ್ ನಗರ ಸ್ಥಾಪನೆಯಾಗಲೇ ಇಲ್ಲವೆಂಬಂತೆ ಮಾಡಲು ದೇವರಿಗೆ ಸಾಧ್ಯವೇ ಎಂಬ ಪ್ರಶ್ನೆಯನ್ನೆತ್ತಿಕೊಂಡು, ಕಾಲಾತೀತನಾದ ದೇವರ ಶಕ್ತಿಯನ್ನು ಭೂತಕಾಲದ ಕ್ರಿಯಾಪದದಿಂದ ಅಳೆಯುವುದೇ ತಪ್ಪೆಂಬ ಕಡೆಗೆ ವಾಲುತ್ತಾನೆ. ದೇವರ ವಿಷಯದಲ್ಲೇ ಇಷ್ಟು ತೊಡಕಿರುವಾಗ ಸೇನಾ ಕಚೇರಿಯ ಗುಮಾಸ್ತನ ಲೇಖನಿಗೆ ಭೂತಕಾಲವನ್ನು ಬದಲಿಸುವ ಬಲವಿದೆಯೆಂದು ಯಾರೂ ವಾದಿಸಲಾರರು.

ಆದರೆ ಪ್ರಶ್ನೆಯನ್ನು ಹೀಗೆ ಕೇಳಿದ್ದರಲ್ಲೇ ದಾರಿ ತಪ್ಪಿದೆಯೆಂದು ತೋರುತ್ತದೆ. ಕರ್ಮ ಮತ್ತು ಫಲದ ಸಂಬಂಧವನ್ನು ಚರ್ಚಿಸುವಾಗ ಭಾರತೀಯ ದರ್ಶನಗಳು ಎರಡು ದೋಷಗಳನ್ನು ಜೋಡಿಯಾಗಿ ಹೇಳುತ್ತವೆ: ಮಾಡಿದ ಕರ್ಮದ ಫಲ ಮಾಡಿದವನಿಗೆ ದಕ್ಕದೆ ಹೋಗುವುದು ಕೃತಹಾನಿ, ಮಾಡದೆ ಇದ್ದುದರ ಫಲ ಬಂದು ತಗಲುವುದು ಅಕೃತಾಭ್ಯಾಗಮ. ದೇಹವೇ ಆತ್ಮವೆಂಬ ಮತವನ್ನು ಅಲ್ಲಗಳೆಯಲು ನೈಯಾಯಿಕರು, ಸೃಷ್ಟಿಗೆ ಮೊದಲಿಲ್ಲವೆಂದು ಸಾಧಿಸಲು ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು, ಎಲ್ಲವೂ ಕ್ಷಣಿಕವೆಂಬ ಬೌದ್ಧರ ವಾದವನ್ನು ಖಂಡಿಸಲು ಜೈನಾಚಾರ್ಯ ಹೇಮಚಂದ್ರರು ಈ ಜೋಡಿಯನ್ನು ಬಳಸಿಕೊಂಡಿದ್ದಾರೆ. ಪರಸ್ಪರ ಒಪ್ಪದ ಮತಗಳೆಲ್ಲ ಇವೆರಡನ್ನು ದೋಷವೆಂದು ಒಪ್ಪಿರುವುದು ಗಮನಾರ್ಹವಾಗಿದೆ. ದಾಖಲೆಯ ತಿದ್ದುಪಡಿಯನ್ನು ಈ ನೆಲೆಯಿಂದ ನೋಡಿದರೆ ಕೇಳಬೇಕಾದದ್ದು ಭೂತಕಾಲ ಬದಲಾಯಿತೇ ಎಂದಲ್ಲ, ಮಾಡಿದ್ದು ನಷ್ಟವಾಗದೆ ಉಳಿಯಿತೇ ಮತ್ತು ಮಾಡದ್ದು ಲೆಕ್ಕಕ್ಕೆ ಸೇರಿಕೊಂಡಿತೇ ಎಂಬ ಎರಡನ್ನು ಮಾತ್ರ.

ಈ ಎರಡು ಪ್ರಶ್ನೆಗಳು ಸೇನೆಯ ವೈದ್ಯರ ವಿಷಯದಲ್ಲಿ ಹೆಚ್ಚು ಜಟಿಲವಾಗುತ್ತವೆ. ಪದಾತಿ ದಳದ ಅಧಿಕಾರಿಯ ವಿದ್ಯೆಯೂ ದರ್ಜೆಯೂ ಬಹುಮಟ್ಟಿಗೆ ಸೇನೆಯಿಂದಲೇ ಬರುತ್ತವೆ. ವೈದ್ಯನ ದರ್ಜೆ ಸೇನೆ ಕೊಟ್ಟದ್ದಾದರೂ ವಿದ್ಯೆ ಸಾಮಾನ್ಯವಾಗಿ ಹೊರಗಿನದು. ಅಮೆರಿಕದ ಸೇನಾ ಕಾನೂನು ಇದಕ್ಕಾಗಿಯೇ ವೈದ್ಯಕೀಯ ಶಿಕ್ಷಣದ ವರ್ಷಗಳನ್ನು ಸೇವೆಯೆಂದು ಭಾವಿಸಿ ಜಮೆ ಮಾಡುವ ಏರ್ಪಾಡನ್ನು ಇಟ್ಟುಕೊಂಡಿದೆ. ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ ಮುಗಿಸಿ ಬಂದವರು ಅಲ್ಲಿನ ಭೂಸೇನೆಗೆ ಸಾಮಾನ್ಯವಾಗಿ ಕ್ಯಾಪ್ಟನ್ ದರ್ಜೆಯಿಂದಲೇ ಸೇರುತ್ತಾರೆ. ಒಂದು ದಿನವೂ ಸಮವಸ್ತ್ರ ತೊಡದ ವರ್ಷಗಳಿಗೆ ಜ್ಯೇಷ್ಠತೆ ಕೊಡುವುದು ಮೇಲ್ನೋಟಕ್ಕೆ ಅಕೃತಾಭ್ಯಾಗಮದಂತೆಯೇ ಕಾಣುತ್ತದೆ. ಆದರೆ ಆ ವರ್ಷಗಳು ದರ್ಜೆಗೆ ಮತ್ತು ಮುಂಬಡ್ತಿಗೆ ಲೆಕ್ಕವಾಗುತ್ತವೆಯೇ ಹೊರತು ನಿವೃತ್ತಿ ವೇತನದ ಅರ್ಹತೆಗೆ ಬೇಕಾದ ಸೇವಾವಧಿಗೆ ಸೇರುವುದಿಲ್ಲ. ಇಲ್ಲಿ ಮೀಮಾಂಸಕರ ಒಂದು ವಿವೇಚನೆ ನೆರವಿಗೆ ಬರುತ್ತದೆ. ಯಾಗ ಮುಗಿದು ಎಷ್ಟೋ ಕಾಲದ ಮೇಲೆ ದೊರೆಯುವ ಫಲಕ್ಕೂ ಯಾಗಕ್ಕೂ ನಡುವೆ ಕೊಂಡಿಯಾಗಿ ಉಳಿಯುವ ಅದೃಶ್ಯ ಶಕ್ತಿಯನ್ನು ಅವರು ಅಪೂರ್ವವೆಂದು ಕರೆಯುತ್ತಾರೆ. ದರ್ಶಪೂರ್ಣಮಾಸ ಯಾಗದಲ್ಲಿ ಪ್ರಯಾಜಗಳೆಂಬ ಆಹುತಿಗಳು ಅಂಗಕರ್ಮಗಳಾಗಿದ್ದು, ತಮ್ಮ ಅಪೂರ್ವವನ್ನು ಪ್ರಧಾನಕರ್ಮಕ್ಕೆ ಸೇರಿಸಿ ಅದನ್ನು ಪೂರ್ಣಗೊಳಿಸುತ್ತವೆ, ಆದರೆ ಸ್ವತಂತ್ರವಾಗಿ ಸ್ವರ್ಗವನ್ನು ಕೊಡುವುದಿಲ್ಲ. ಸೇನಾವೈದ್ಯನ ವಿದ್ಯಾಭ್ಯಾಸವೂ ಇಂಥ ಅಂಗಕರ್ಮವೇ ಆಗಿದೆ. ಸೇವಾ ವಹಿ ಎಂಬುದು ಈ ಅರ್ಥದಲ್ಲಿ ಕಣ್ಣಿಗೆ ಕಾಣುವ ಅಪೂರ್ವ. ಮೀಮಾಂಸಕರ ಅಪೂರ್ವಕ್ಕೆ ಮಾತ್ರ ಗುಮಾಸ್ತರ ಕೈತಪ್ಪುಗಳ ಭಯವಿರಲಿಲ್ಲ.

ಆ ಭಯ ಎಷ್ಟು ನಿಜವೆಂಬುದಕ್ಕೆ ಮೇರಿ ಎಡ್ವರ್ಡ್ಸ್ ವಾಕರ್ ಅವರ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ನ್ಯೂಯಾರ್ಕ್ ರಾಜ್ಯದ ಆಸ್ವೀಗೊದಲ್ಲಿ 1832ರಲ್ಲಿ ಹುಟ್ಟಿ, 1855ರಲ್ಲಿ ಸಿರಕ್ಯೂಸ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ವಾಕರ್, 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಶಸ್ತ್ರವೈದ್ಯೆಯಾಗಿ ಕಮಿಷನ್, ಅಂದರೆ ಸೇನಾಧಿಕಾರಿಯೆಂದು ಒಪ್ಪುವ ಅಧಿಕಾರಪತ್ರ, ಬೇಕೆಂದು ಕೇಳಿದರು; ಹೆಂಗಸಿಗೆ ಅದು ಸಿಗಲಿಲ್ಲ. ವಾಷಿಂಗ್ಟನ್ನಿನಲ್ಲಿ ಪೇಟೆಂಟ್ ಕಚೇರಿಯ ಕಟ್ಟಡದೊಳಗೆ ತೆರೆದಿದ್ದ ಆಸ್ಪತ್ರೆಯಲ್ಲಿ ಅವರು ಸಂಬಳವಿಲ್ಲದೆ ದುಡಿದರು, ಆಮೇಲೆ ಫ್ರೆಡರಿಕ್ಸ್‌ಬರ್ಗ್ ಮತ್ತು ಚಾಟನೂಗದ ಗಾಯಾಳುಗಳ ನಡುವೆ ಕೆಲಸ ಮಾಡಿದರು, 52ನೆಯ ಓಹಿಯೊ ಪದಾತಿ ದಳಕ್ಕೆ ಸಹಾಯಕ ಶಸ್ತ್ರವೈದ್ಯೆಯಾಗಿ ಸೇರಿಕೊಂಡರೂ ಕಮಿಷನ್ ಮಾತ್ರ ಬರಲಿಲ್ಲ. 1864ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನೆ ಅವರನ್ನು ಸೆರೆಹಿಡಿದು ರಿಚ್ಮಂಡ್‌ನ ಕ್ಯಾಸಲ್ ಥಂಡರ್ ಸೆರೆಮನೆಯಲ್ಲಿಟ್ಟಿತು. ಆಗಸ್ಟ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದ ಅವರಿಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ತಿಂಗಳಿಗೆ 100 ಡಾಲರ್ ಸಂಬಳದ ಗುತ್ತಿಗೆಯ ಹುದ್ದೆ ಸಿಕ್ಕಿತು. ಗುತ್ತಿಗೆ ವೈದ್ಯರೆಂದರೆ ಸೇನೆಗಾಗಿ ದುಡಿಯುವ, ಆದರೆ ಕಾನೂನಿನ ಕಣ್ಣಿನಲ್ಲಿ ನಾಗರಿಕರಾಗಿಯೇ ಉಳಿಯುವ ವೈದ್ಯರು. ಶತ್ರುವಿನ ಸೆರೆಯಲ್ಲಿದ್ದಾಗ ಅವರು ಸೈನಿಕರಂತೆಯೇ ವಿನಿಮಯಕ್ಕೆ ಯೋಗ್ಯರಾಗಿದ್ದರೆಂಬುದನ್ನೂ, ಸ್ವಪಕ್ಷದ ಕಡತದಲ್ಲಿ ಮಾತ್ರ ಹಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ.

ಯುದ್ಧ ಮುಗಿದ ಮೇಲೆ ವಾಕರ್ ತಮ್ಮ ಸೇವೆಗೆ ದರ್ಜೆಯ ಮನ್ನಣೆ ಬೇಡಿದರು. ಸೇನೆಯ ಮುಖ್ಯ ಕಾನೂನು ಅಧಿಕಾರಿ ಜೋಸೆಫ್ ಹೋಲ್ಟ್ ಮಹಿಳೆಗೆ ಕಮಿಷನ್ ಕೊಟ್ಟ ಪೂರ್ವನಿದರ್ಶನವಿಲ್ಲವೆಂದು ಕಂಡುಕೊಂಡು, ಬೇರೆ ರೀತಿಯ ಪ್ರಶಂಸೆ ಸಾಧ್ಯವೆಂದು ಸೂಚಿಸಿದರು. 1865ರ ನವೆಂಬರ್ 11ರಂದು ಅಧ್ಯಕ್ಷ ಆಂಡ್ರೂ ಜಾನ್ಸನ್ ಮೆಡಲ್ ಆಫ್ ಆನರ್ ಪದಕದ ಆದೇಶಕ್ಕೆ ಸಹಿ ಹಾಕಿದರು. ದರ್ಜೆಯ ಬದಲು ಪದಕ ಕೊಟ್ಟ ಈ ಕ್ರಮದಲ್ಲಿಯೇ ಮುಂದಿನ ಗೊಂದಲದ ಬೀಜವಿತ್ತು, ಏಕೆಂದರೆ ಅಂದಿನ ಶಾಸನದ ಪ್ರಕಾರ ಆ ಪದಕ ಸೇನೆಯ ಅಧಿಕಾರಿಗಳಿಗೆ ಮತ್ತು ಸೈನಿಕರಿಗೆ ಮೀಸಲಾಗಿತ್ತು. ವಾಕರ್ ಅವರನ್ನು ಸೇನೆಯೊಳಕ್ಕೆ ಬಿಟ್ಟುಕೊಳ್ಳದವರೇ ಸೇನೆಯೊಳಗಿನವರಿಗೆ ಮಾತ್ರ ಸಲ್ಲುವ ಗೌರವವನ್ನು ಅವರಿಗೆ ಕೊಟ್ಟಿದ್ದರು. ಪದಕದ ಮಾನದಂಡ ಬಿಗಿಯಾದ ಮೇಲೆ ಹಳೆಯ ಪ್ರದಾನಗಳನ್ನೆಲ್ಲ ಪರಿಶೀಲಿಸಲು ಜನರಲ್ ನೆಲ್ಸನ್ ಮೈಲ್ಸ್ ನೇತೃತ್ವದಲ್ಲಿ ಕೂತ ಸಮಿತಿ 1917ರಲ್ಲಿ 911 ಹೆಸರುಗಳನ್ನು ಪಟ್ಟಿಯಿಂದ ತೆಗೆಯಿತು. ವಾಕರ್ ಅವರದೂ ಅದರಲ್ಲಿತ್ತು. ಪಕ್ಷಪಾತ ನುಸುಳದಂತೆ ಪ್ರಕರಣಗಳನ್ನು ಹೆಸರಿನಿಂದಲ್ಲದೆ ಸಂಖ್ಯೆಯಿಂದ ಗುರುತಿಸಲಾಗಿತ್ತು. ವಾಕರ್ ಪದಕವನ್ನು ಹಿಂದಿರುಗಿಸಲಿಲ್ಲ. 1919ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೂ ಅದನ್ನು ಧರಿಸಿಯೇ ಓಡಾಡಿದರು.

ಹೆಸರು ತೆಗೆದ ಮೇಲೆ ಉಂಟಾದ ಇಲ್ಲದಿರುವಿಕೆ ಯಾವ ಬಗೆಯದು? ನ್ಯಾಯವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿ ಅದರಲ್ಲಿ ಭೇದಗಳನ್ನು ಹೇಳುತ್ತಾರೆ. ಮಡಕೆ ಒಡೆದ ಮೇಲಿನ ಅಭಾವ ಪ್ರಧ್ವಂಸಾಭಾವ; ಅದಕ್ಕೆ ಆರಂಭವಿದೆ, ಕೊನೆಯಿಲ್ಲ, ಏಕೆಂದರೆ ಒಡೆದ ಮಡಕೆ ಮತ್ತೆ ಹುಟ್ಟುವುದಿಲ್ಲ, ಹುಟ್ಟುವುದು ಬೇರೊಂದು ಮಡಕೆ. ಮೂರು ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. 1917ರ ಸಮಿತಿ ಪದಕವನ್ನು ಧ್ವಂಸಮಾಡುತ್ತಿದ್ದೇನೆಂದು ಭಾವಿಸಲಿಲ್ಲ; ಅದು ಮೊದಲಿಂದಲೂ ಸಲ್ಲದೆ ಇದ್ದದ್ದು, ಪಟ್ಟಿ ಈಗ ಸರಿಹೋಯಿತು ಎಂಬುದೇ ಅದರ ನಿಲುವಿನ ಅರ್ಥ. 1977ರ ಜೂನ್ 10ರಂದು ಭೂಸೇನಾ ಕಾರ್ಯದರ್ಶಿ ಕ್ಲಿಫರ್ಡ್ ಅಲೆಕ್ಸಾಂಡರ್, ಸೇನಾ ದಾಖಲೆ ತಿದ್ದುಪಡಿ ಮಂಡಳಿಯ ಶಿಫಾರಸನ್ನು ಒಪ್ಪಿ ಪದಕವನ್ನು ಪುನಃಸ್ಥಾಪಿಸಿದಾಗ ಇದೇ ತರ್ಕ ತಿರುಗುಬಾಣವಾಯಿತು. ನೈಯಾಯಿಕನ ಲೆಕ್ಕದಲ್ಲಿ ನಾಶವಾದದ್ದು ಮರಳುವುದಿಲ್ಲವಾದ್ದರಿಂದ, ಪುನಃಸ್ಥಾಪನೆಯೆಂಬ ಕ್ರಿಯೆಗೆ ಅರ್ಥವಿರಬೇಕಾದರೆ 1865ರ ಪ್ರದಾನ ಎಂದೂ ನಾಶವಾಗಿರಲಿಲ್ಲ, 1917ರ ಅಳಿಸುವಿಕೆಯೇ ಅಸಿದ್ಧವಾಗಿತ್ತು ಎನ್ನಬೇಕಾಗುತ್ತದೆ. ಅಂದರೆ 1977ರಲ್ಲಿ ಹೊಸ ಪದಕ ಕೊಡಲಾಗಲಿಲ್ಲ, ಹಳೆಯದನ್ನು ಕಾಣದಂತೆ ಮಾಡಿದ್ದ ಬರಹವೊಂದನ್ನು ತೆಗೆಯಲಾಯಿತು.

ಈ ಮಂಡಳಿಯ ಹುಟ್ಟೂ ಕುತೂಹಲಕರವಾಗಿದೆ. ಒಬ್ಬೊಬ್ಬ ಸೈನಿಕನ ದಾಖಲೆಯನ್ನು ಸರಿಪಡಿಸಲು ಸಂಸತ್ತು ಪ್ರತ್ಯೇಕ ಮಸೂದೆಗಳನ್ನು ಮಂಡಿಸಬೇಕಾಗಿದ್ದ ಹೊರೆಯನ್ನು ಇಳಿಸಲು 1946ರ ಶಾಸನ ಆ ಕೆಲಸವನ್ನು ನಾಗರಿಕರಿಂದ ಕೂಡಿದ ಮಂಡಳಿಗಳಿಗೆ ವಹಿಸಿತು. ದೋಷವನ್ನು ಸರಿಪಡಿಸಲು ಅಥವಾ ಅನ್ಯಾಯವನ್ನು ನಿವಾರಿಸಲು ಅಗತ್ಯವಾದರೆ ತಿದ್ದಬಹುದೆಂಬುದು ಅದರ ನಿಯಮ. ಎರಡೂ ಒಂದೇ ಅಲ್ಲ. ತಾರೀಖು ತಪ್ಪಾಗಿದ್ದರೆ ದಾಖಲೆಗೂ ಘಟನೆಗೂ ಹೊಂದಿಕೆಯಿಲ್ಲ, ಅದು ದೋಷ. ಕಮಿಷನ್ ನಿರಾಕರಿಸಲಾಯಿತೆಂದು ದಾಖಲೆ ಸರಿಯಾಗಿಯೇ ಹೇಳುತ್ತಿದ್ದು ನಿರಾಕರಣೆಯೇ ಅಧರ್ಮವಾಗಿದ್ದರೆ, ಅದು ಅನ್ಯಾಯ. ಮೊದಲನೆಯದನ್ನು ಪ್ರಮಾಣಶಾಸ್ತ್ರದಿಂದ ಬಿಡಿಸಬಹುದು. ನ್ಯಾಯದರ್ಶನ ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮೆಯೆಂದು, ಅಂದರೆ ಯಥಾರ್ಥ ಜ್ಞಾನವೆಂದು, ಒಪ್ಪುವುದಿಲ್ಲ, ಏಕೆಂದರೆ ಅದು ಹಿಂದಿನ ಅನುಭವದ ಎರವಲು. ಉಡುಪಿಯ ಮಧ್ವಾಚಾರ್ಯರ ಪರಂಪರೆಯಲ್ಲಿ ಜಯತೀರ್ಥರು ಇದನ್ನು ವಿರೋಧಿಸಿ, ವಸ್ತು ಇದ್ದಂತೆ ಅರಿಯುವುದಾದರೆ ನೆನಪೂ ಪ್ರಮಾಣವೇ ಎಂದು ಸಾಧಿಸಿದರು. ಸೇವಾ ದಾಖಲೆ ರಾಜ್ಯದ ನೆನಪಾದ್ದರಿಂದ ಜಯತೀರ್ಥರ ನಿಲುವೇ ಇಲ್ಲಿ ಹೆಚ್ಚು ಉಪಯುಕ್ತ: ದಾಖಲೆಯನ್ನು ನಂಬಬೇಕು, ಆದರೆ ಯಾಥಾರ್ಥ್ಯದ ಷರತ್ತಿನ ಮೇಲೆ. ಅನ್ಯಾಯದ ಪ್ರಶ್ನೆ ಮಾತ್ರ ಈ ಚೌಕಟ್ಟಿಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ನೆನಪು ನಿಜವಾಗಿಯೇ ಇದ್ದು ನಡೆದದ್ದೇ ತಪ್ಪಾಗಿರುತ್ತದೆ.

ತಿದ್ದುಪಡಿಯಾದಾಗ ವಾಕರ್ ತೀರಿಕೊಂಡು 58 ವರ್ಷಗಳಾಗಿದ್ದವು. ಫಲವನ್ನು ಕರ್ತೃವೇ ಅನುಭವಿಸಬೇಕೆಂಬ ಕರ್ಮಸಿದ್ಧಾಂತದ ಕಟ್ಟುನಿಟ್ಟಿನಲ್ಲಿ ಇದಕ್ಕೆ ಪ್ರಯೋಜನ ಕಾಣುವುದಿಲ್ಲ. ಬದುಕಿದವರ ಏಳುಬೀಳುಗಳು ಸತ್ತವರನ್ನು ಸ್ವಲ್ಪ ಮಟ್ಟಿಗೆ ಮುಟ್ಟುತ್ತವೆಯೆಂದು ಅರಿಸ್ಟಾಟಲ್ ಅಳುಕುತ್ತಲೇ ಒಪ್ಪಿದ್ದುಂಟು. ಹಾಗಿದ್ದರೂ ಕೃತಹಾನಿ ಕೇವಲ ಭೋಗದ ನಷ್ಟವಲ್ಲವೆಂದು, ಕೃತಿಗೂ ಕರ್ತೃವಿಗೂ ಇರುವ ಸಂಬಂಧವೇ ಕಡಿದುಹೋಗುವ ನಷ್ಟವೆಂದು ತಿಳಿದರೆ, ಆ ಸಂಬಂಧವನ್ನು ಮತ್ತೆ ಬರೆದಿಡಲು ಕರ್ತೃ ಬದುಕಿರಬೇಕಾದ ಅಗತ್ಯವಿಲ್ಲ.

ಕಮಿಷನ್ ಪ್ರಶ್ನೆ ಇನ್ನೂ ಉಳಿಯುತ್ತದೆ. ಲಿಂಗದ ಕಾರಣದಿಂದ ತಾರತಮ್ಯ ನಡೆದಂತಿದೆಯೆಂದು 1977ರ ಮಂಡಳಿ ಗುರುತಿಸಿದರೂ ಮರಳಿ ಕೊಟ್ಟದ್ದು ಪದಕವನ್ನು, ಅಧಿಕಾರಿಯ ದರ್ಜೆಯನ್ನಲ್ಲ. ಪಡೆಯದ ದರ್ಜೆಯನ್ನು ಬರೆಯುವುದು ಅಕೃತಾಭ್ಯಾಗಮವಾಗುತ್ತದೆಂಬ ಸಮರ್ಥನೆ ಮೊದಲ ಓದಿಗೆ ಬಲವಾಗಿ ಕಾಣುತ್ತದೆ. ಆದರೆ ಭಾರತದ ಸರ್ವೋಚ್ಚ ನ್ಯಾಯಾಲಯ 1991ರ ಜಾನಕಿರಾಮನ್ ಪ್ರಕರಣದಲ್ಲಿ, ಕೆಲಸ ಮಾಡದಿದ್ದರೆ ಸಂಬಳವಿಲ್ಲವೆಂಬ ನಿಯಮವನ್ನು, ದುಡಿಯಲು ಸಿದ್ಧನಿದ್ದೂ ಆಡಳಿತವೇ ದೂರವಿಟ್ಟ ನೌಕರನ ಮೇಲೆ ಸಾಮಾನ್ಯವಾಗಿ ಹೇರುವಂತಿಲ್ಲವೆಂದು ಹೇಳಿತು. ಕಾಲ್ಪನಿಕ ಮುಂಬಡ್ತಿ ಮತ್ತು ಹಿಂಬಾಕಿಯ ವ್ಯಾಜ್ಯಗಳಲ್ಲಿ ಆ ತೀರ್ಪು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ವಾಕರ್ ಅವರ ಸ್ಥಿತಿ ಆ ನೌಕರನಿಗಿಂತ ಗಟ್ಟಿಯಾದದ್ದು, ಏಕೆಂದರೆ ಅವರು ಕೆಲಸಕ್ಕೆ ಸಿದ್ಧರಿದ್ದರು ಎನ್ನುವುದಷ್ಟೇ ಅಲ್ಲ, ಶಸ್ತ್ರವೈದ್ಯರ ಕೆಲಸವನ್ನು ಮಾಡಿಯೂ ಇದ್ದರು. ಅಕೃತವೆಂದು ಹೇಳಬಹುದಾದದ್ದು ಇಲ್ಲಿ ಒಂದೇ, ಅಧಿಕಾರಪತ್ರಕ್ಕೆ ಬೀಳದೆ ಹೋದ ಸಹಿ. ಅದನ್ನು ಮಾಡದೆ ಬಿಟ್ಟವರು ವಾಕರ್ ಅಲ್ಲ, ರಾಜ್ಯ. ಮಾಡದಿದ್ದುದರ ಫಲ ಮಾಡದವರಿಗೆ ಸಲ್ಲಬಾರದೆಂಬ ನಿಯಮವನ್ನು ಹಿಡಿದು ನೋಡಿದರೆ, ರಾಜ್ಯದ ಅಕೃತಕ್ಕೆ ವೈದ್ಯೆ ಬೆಲೆ ತೆರುತ್ತಿರುವುದೇ ಅಕೃತಾಭ್ಯಾಗಮದ ಸ್ಪಷ್ಟ ಉದಾಹರಣೆಯಾಗುತ್ತದೆ. ಅವರ ದಾಖಲೆಯಲ್ಲಿ 1864ರ ತಾರೀಖಿಗೆ ಸಹಾಯಕ ಶಸ್ತ್ರವೈದ್ಯರ ದರ್ಜೆಯನ್ನು ಕಾಲ್ಪನಿಕವೆಂದು ಸ್ಪಷ್ಟವಾಗಿ ನಮೂದಿಸಿ, ನಿರಾಕರಣೆಯ ಹಳೆಯ ಪತ್ರಗಳನ್ನು ಅದರ ಪಕ್ಕದಲ್ಲೇ ಉಳಿಸಿಕೊಳ್ಳುವುದಕ್ಕೆ ತರ್ಕದ ಅಡ್ಡಿಯೇನೂ ಇಲ್ಲ.