ಲಾವಣಿ ಗಾಡಿ

ನಮ್ಮದಲ್ಲದ ಸಾಮಾನು ನಮ್ಮ ಕೈಯೊಳಗೆ ಬಂದಾಗ ಅದನ್ನು ಹೆಂಗ ನಡೆಸಬೇಕು? ನಮ್ಮದರಂಗ ಜ್ವಾಕಿ ಮಾಡಬೇಕು ಅಂತ ಸಾಲಿ ಹುಡುಗರೂ ಹೇಳುತ್ತಾರೆ. ಸರಿ. ಆದರೆ ಜ್ವಾಕಿ ಮಾಡಿದವನ ಕಿಸೆಯಿಂದ ರೊಕ್ಕ ಹೋಗಿ, ಮಾಡದವನಿಗೆ ಏನೂ ಹೋಗದಿದ್ದರೆ? ಮಾಡಿದ್ದನ್ನು ಯಾರೂ ನೋಡದೆ, ಬಿಟ್ಟದ್ದನ್ನು ಯಾರೂ ಕೇಳದೆ ಇದ್ದರೆ? ಆಗ ಉತ್ತರ ಅಷ್ಟು ಸಸಾರ ಇಲ್ಲ.

ನನಗೆ ಈ ವಿಚಾರ ಹತ್ತಿದ್ದು ಒಂದು ಮೋಟಾರ ಗಾಡಿಯಿಂದ. ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ನೌಕರಿ ಮಾಡುತ್ತಾನೆ. ಅವನ ಕಂಪನಿಯವರು ಅವನಿಗೆ ಓಡಿಸಲಿಕ್ಕೆ ಗಾಡಿ ಕೊಟ್ಟಿದ್ದರು. ಮೂರು ವರ್ಷ ಓಡಿಸಿ ತಿರುಗಿ ಕೊಟ್ಟ. ಊರಿಗೆ ಬಂದಾಗ ಅದರ ಕಥೆಯನ್ನೆಲ್ಲ ಬಿಡಿಸಿ ಹೇಳಿದ. ಫೋನಿನೊಳಗಿನ ವರದಿಗಳನ್ನು ಓದಿ ಕನ್ನಡ ಮಾಡಿ ತಿಳಿಸಿದ. ಏಳನೇತ್ತೆ ಕಲಿತ ಒಕ್ಕಲಿಗನಿಗೆ ಇಂಗ್ಲೆಂಡಿನ ಮೋಟಾರಿನ ಉಸಾಬರಿ ಯಾಕೆ ಅಂತ ಗುರುಗಳು ನಗಬಹುದು. ನಗಲಿ. ಹೊಲ ಮಾಡಿದವನಿಗೆ ಈ ಕಥೆ ಲಗೂ ತಿಳಿಯುತ್ತದೆ.

ಮೊದಲು ಆ ಗಾಡಿ ಯಾರದು ಅಂತ ಕೇಳಿದೆ. ಅಳಿಯ ನಕ್ಕ. "ಮಾಮಾ, ನಂದಲ್ಲ. ನನ್ನ ಕಂಪನೀದೂ ಅಲ್ಲ. ಗಾಡಿ ಕೊಂಡು ಬಾಡಿಗಿಗೆ ಬಿಡೂ ಬ್ಯಾರೆ ಕಂಪನಿ ಅದ, ಅವರದು" ಅಂದ. ಅಂದರೆ ಲಾವಣಿ. ನಮ್ಮ ಜತ್ತ ಕಡೆ ಹೊಲ ವರ್ಷಕ್ಕೆ ಇಷ್ಟು ಅಂತ ಲಾವಣಿಗೆ ಹಿಡಿಯುತ್ತೇವಲ್ಲ, ಹಂಗ. (ನಮಗೆ ಹಾಡುವವರಿಗೆ ಲಾವಣಿ ಅಂದರೆ ಪದ. ಒಂದೇ ಮಾತು ಹೊಲಕ್ಕೂ ಹಾಡಿಗೂ ಹೆಂಗ ಬಂತೋ, ಅದನ್ನು ಪಂಡಿತರು ಹೇಳಬೇಕು.) ಇನ್ನೊಂದು ಮಾತು ಹೇಳಿದ. ಆ ದೇಶದಲ್ಲಿ ಸರಕಾರ ಕೊಡುವ ಗಾಡಿ ಪುಸ್ತಕದ ಮೇಲೇ ಬರೆದಿರುತ್ತದಂತೆ, ಇದು ಮಾಲಕಿಯ ದಾಖಲೆ ಅಲ್ಲ ಅಂತ. ಗಾಡಿ ಇಟ್ಟುಕೊಂಡವನು ಯಾರು ಅನ್ನುವುದಷ್ಟೇ ಅದರಲ್ಲಿ. ನಮ್ಮ ಸಾತಬಾರಾ ಉತಾರವೂ ಅಂಥದ್ದೇ. ಅದು ಕಂದಾಯದ ಕಾಗದ, ಅದೊಂದನ್ನೇ ಹಿಡಿದು ಕೋರ್ಟಿಗೆ ಹೋದರೆ ಮಾಲಕಿ ಸಿದ್ಧ ಆಗುವುದಿಲ್ಲ. ಆದರೂ ನಾವು ಅದರೊಳಗೆ ಹೆಸರು ಕೂಡಿಸಲು ಅಣ್ಣತಮ್ಮರು ಬಡಿದಾಡುತ್ತೇವೆ. ಅದು ಬ್ಯಾರೆ ಮಾತು.

ಗಾಡಿಯ ವಿಶೇಷ ಏನೆಂದರೆ ಅದಕ್ಕೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಕರೆಂಟು. ಪ್ಲಗ್-ಇನ್ ಹೈಬ್ರಿಡ್ ಅನ್ನುತ್ತಾರೆ. ರಾತ್ರಿ ಮನೆಯ ಪ್ಲಗ್ಗಿಗೆ ವಾಯರು ಹಚ್ಚಿದರೆ ಐದಾರು ತಾಸಿನಲ್ಲಿ ಬ್ಯಾಟರಿ ತುಂಬುತ್ತದೆ. ಮುಂಜಾನೆ ಎದ್ದು ನಲವತ್ತು ಕಿಲೋಮೀಟರು, ಹವಾ ಚಲೋ ಇದ್ದರೆ ಇನ್ನಷ್ಟು, ಪೆಟ್ರೋಲಿನ ಹನಿ ಸುಡದೆ ಹೋಗಬಹುದು. ಕರೆಂಟು ಮುಗಿದರೆ ಪೆಟ್ರೋಲು ಇದ್ದೇ ಇದೆ, ದಾರಿಯಲ್ಲಿ ನಿಲ್ಲುವ ಅಂಜಿಕೆ ಇಲ್ಲ. ಬಲು ಚಲೋ ಹೂಟ. ಆದರೆ ವಾಯರು ಹಚ್ಚದಿದ್ದರೂ ಗಾಡಿ ನಡೆಯುತ್ತದೆ, ಕುತ್ತು ಇರುವುದು ಅಲ್ಲೇ. ಹಚ್ಚದೇ ಓಡಿಸಿದರೆ ಪೆಟ್ರೋಲ ಎಂಜಿನ್ನು ತನ್ನ ಭಾರದ ಜೊತೆ ಖಾಲಿ ಬ್ಯಾಟರಿಯ ಭಾರವನ್ನೂ ಎಳೆಯಬೇಕು. ಒಂದು ಎತ್ತನ್ನು ಬಂಡಿಯ ಮೇಲೆ ಕುಂಡ್ರಿಸಿ ಇನ್ನೊಂದರ ಹೆಗಲಿಗೆ ಪೂರಾ ನೊಗ ಕೊಟ್ಟಂಗ.

ಇಂಥ ಗಾಡಿಯನ್ನು ಮಂದಿ ಯಾಕೆ ತಗೊಂಡರು? ತೆರಿಗೆ ಸಲುವಾಗಿ. ಕಂಪನಿ ಗಾಡಿ ಕೊಟ್ಟರೆ ಅದೂ ಪಗಾರದ ಒಂದು ಭಾಗ ಅಂತ ಅಲ್ಲಿಯ ಸರಕಾರ ಎಣಿಸಿ ನೌಕರನಿಂದ ತೆರಿಗೆ ತಗೊಳ್ಳುತ್ತದೆ. ಬ್ರಿಟನ್ನಿನಲ್ಲಿ 2002ರಿಂದ ಆ ತೆರಿಗೆ ಗಾಡಿ ಬಿಡುವ ಹೊಗೆಯ ಮೇಲೆ ಇದೆ. ಹೊಗೆ ಕಡಿಮೆ ಇದ್ದರೆ ತೆರಿಗೆ ಕಡಿಮೆ. ನೆದರ್ಲೆಂಡ್ಸಿನವರು ಇನ್ನೂ ಮುಂದೆ ಹೋದರು. ಸಾದಾ ಗಾಡಿಗೆ ಅದರ ಬೆಲೆಯ 25 ಟಕ್ಕೆ ನೌಕರನ ಉತ್ಪನ್ನಕ್ಕೆ ಕೂಡಿಸುತ್ತಿದ್ದರೆ, 2012 ಮತ್ತು 2013ರಲ್ಲಿ ತೀರ ಕಡಿಮೆ ಹೊಗೆಯ ಗಾಡಿಗೆ ಏನೂ ಕೂಡಿಸಲಿಲ್ಲ, ಸೊನ್ನೆ. ಎರಡು ಹೊಟ್ಟೆಯ ಗಾಡಿಗಳೂ ಅದರಲ್ಲಿ ಕೂತವು. ಮಂದಿ ಮುಗಿಬಿದ್ದರು. 2014ರಲ್ಲಿ ಅದು 7 ಆಯಿತು, 2017ಕ್ಕೆ ಹೊಸ ಪೆಟ್ರೋಲ ಗಾಡಿಯ ಸಮಸಮ 22ಕ್ಕೆ ತಂದು ಮುಚ್ಚಿಬಿಟ್ಟರು. ಬ್ರಿಟನ್ನಿನವರು ಇಂಥ ಗಾಡಿ ಕೊಳ್ಳಲಿಕ್ಕೆ ಕೊಡುತ್ತಿದ್ದ ಸಹಾಯಧನವನ್ನು 2018ರಲ್ಲಿ ನಿಲ್ಲಿಸಿದರು. ಅದೇ ವರ್ಷ ಅಲ್ಲಿ ಒಂದು ಸುದ್ದಿ ಆಗಿತ್ತು. ಲಾವಣಿ ಮುಗಿಸಿ ತಿರುಗಿ ಬಂದ ಕೆಲವು ಗಾಡಿಗಳ ಡಿಕ್ಕಿ ತೆಗೆದು ನೋಡಿದರೆ, ಚಾರ್ಜಿನ ವಾಯರು ಕಾರ್ಖಾನೆಯ ಪ್ಲಾಸ್ಟಿಕ್ ಚೀಲದಲ್ಲೇ ಇತ್ತಂತೆ. ಮುಟ್ಟಿಯೂ ಇರಲಿಲ್ಲ.

ಆ ವಾಯರಿನ ಮಾತು ಕೇಳಿದ ರಾತ್ರಿ ನನಗೆ ನಿದ್ದಿ ಬರಲಿಲ್ಲ ಅಂದರೆ ಸುಳ್ಳಾದೀತು, ನಿದ್ದಿ ಬಂತು. ಆದರೆ ಹೊಲದಾಗ ನಡೆಯುವಾಗ ಅದು ನೆನಪಾಗುತ್ತಿತ್ತು.

ಅವರು ಕಳ್ಳರೇನು? ಕಾಯಿದೆ ನೋಡಿದರೆ ಅಲ್ಲ. ಗಾಡಿ ತಗೋ, ತೆರಿಗೆ ಬಿಡುತ್ತೇನೆ ಅಂತ ಸರಕಾರ ಹೇಳಿತು, ತಗೊಂಡರು. ವಾಯರು ಹಚ್ಚಲೇಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಅದರ ಮೇಲೆ ರೊಕ್ಕದ ಲೆಕ್ಕ ಉಲ್ಟಾ ಇತ್ತು. ಕಂಪನಿ ಕೆಲಸಕ್ಕೆ ಓಡಿದ ಪೆಟ್ರೋಲನ್ನು ಕಂಪನಿ ಕೊಡುತ್ತದೆ. ಮನೆಯಲ್ಲಿ ರಾತ್ರಿ ಹಚ್ಚಿದ ಕರೆಂಟು ಮನೆಯ ಮೀಟರಿನಲ್ಲಿ ಓಡುತ್ತದೆ. ಅಳಿಯನ ಕಂಪನಿಯಲ್ಲಿ ಆ ಬಿಲ್ಲನ್ನು ಯಾರೂ ತುಂಬಿಕೊಡುತ್ತಿರಲಿಲ್ಲ. ಅಂದರೆ ಹೊಗೆ ಕಡಿಮೆ ಮಾಡಿದವನಿಗೆ ಖರ್ಚು, ಹೊಗೆ ಬಿಟ್ಟವನಿಗೆ ಪುಕ್ಕಟೆ.

ಇದು ನಮಗೆ ಹೊಸದೇನಲ್ಲ. ಲಾವಣಿ ಹೊಲಕ್ಕೆ ತಿಪ್ಪೆಗೊಬ್ಬರ ಯಾರು ಹೊಡೀತಾರ? ತಿಪ್ಪೆಗೊಬ್ಬರ ಒಮ್ಮೆ ಹಾಕಿದರೆ ಅದರ ಕಸುವು ಎರಡನೇ ವರ್ಷ, ಮೂರನೇ ವರ್ಷ ಕೂಡ ಭೂಮಿಯೊಳಗೆ ಇರುತ್ತದೆ. ಲಾವಣಿ ಒಂದೇ ವರ್ಷದ್ದು. ಮುಂದಿನ ವರ್ಷ ಮಾಲಕ ಬ್ಯಾರೆಯವನಿಗೆ ಹೆಚ್ಚು ರೊಕ್ಕಕ್ಕೆ ಕೊಟ್ಟರೆ ನಮ್ಮ ಗೊಬ್ಬರ ಅವನ ಜೋಳಕ್ಕೆ ಹೋಯಿತು. ಅದಕ್ಕೇ ಲಾವಣಿಯವ ಯೂರಿಯಾ ಚೀಲ ಚೆಲ್ಲಿ, ಆ ವರ್ಷದ್ದು ಆ ವರ್ಷ ಹಿಂಡಿಕೊಂಡು ಹೊರಡುತ್ತಾನೆ. ಹತ್ತು ವರ್ಷ ಹತ್ತು ಮಂದಿಯ ಕೈಗೆ ಹೋದ ಹೊಲ ನೋಡಿರಿ. ಬದುವು ಒಡೆದಿರುತ್ತದೆ, ಕರಿಕೆ ಹಬ್ಬಿರುತ್ತದೆ. ಹತ್ತರಲ್ಲಿ ಒಬ್ಬನೂ ಕೆಟ್ಟವನಲ್ಲ, ಆದರೂ ಹೊಲ ಕೆಟ್ಟಿರುತ್ತದೆ.

ಹಂಗಂತ ಓಡಿಸುವವನನ್ನು ಪೂರಾ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಯಾಕೆ ಅಂದರೆ ತೆರಿಗೆ ಬಿಟ್ಟದ್ದು ಗಾಡಿಗೆ ಅಲ್ಲ. ಒಬ್ಬ ಮನುಷ್ಯನಿಗೆ ಬಿಟ್ಟದ್ದು. ಕಾರ್ಖಾನೆಯವರು ಹೊಗೆ ಅಳೆಯುವಾಗ, ಓಡಿಸುವವ ದಿನಾ ಬ್ಯಾಟರಿ ತುಂಬಿಸುತ್ತಾನೆ ಅನ್ನುವ ನಂಬಿಕೆಯ ಮೇಲೇ ಲೆಕ್ಕ ಹಾಕುತ್ತಿದ್ದರಂತೆ. ಅಂದರೆ ಕಾಗದದ ಮೇಲೆ ಒಬ್ಬ ಶಿಸ್ತಿನ ಮನುಷ್ಯ ಇದ್ದ. ಅವನು ದಿನಾ ರಾತ್ರಿ ಮಳೆಯಿರಲಿ ಚಳಿಯಿರಲಿ ವಾಯರು ಹಚ್ಚಿಯೇ ಮಲಗುತ್ತಿದ್ದ. ಸರಕಾರ ರಿಯಾಯಿತಿ ಕೊಟ್ಟದ್ದು ಅವನಿಗೆ. ಮುಂದೆ ಬಂದು ಸಹಿ ಮಾಡಿ ತಗೊಂಡವ ಬ್ಯಾರೆ ಮನುಷ್ಯ. ಇನ್ನೊಬ್ಬನ ಹೆಸರಿನ ಮನಿಯಾರ್ಡರನ್ನು ನಾವು ಸಹಿ ಮಾಡಿ ತಗೊಂಡರೆ ಪೋಸ್ಟಮನ್ ಕೇಳದೆ ಹೋಗಬಹುದು, ಆದರೆ ರೊಕ್ಕ ಯಾರದು ಅನ್ನುವುದು ನಮಗೆ ಗೊತ್ತಿರುತ್ತದೆ.

ಅಳಿಯ ಇದಕ್ಕೆ ಅಡ್ಡ ಮಾತಾಡಿದ. "ಮೂರನೇ ಮಾಳಿಗಿ ಮ್ಯಾಲ ಬಾಡಿಗಿ ಮನಿಯಾಗ ಇರೋವಾಂವ ವಾಯರು ಎಲ್ಲಿ ಹಚ್ಚಬೇಕು ಮಾಮಾ? ಗಾಡಿ ಬೀದ್ಯಾಗ ನಿಂತಿರತದ. ದಿನಾ ಮುನ್ನೂರು ಕಿಲೋಮೀಟರ ಹೆದ್ದಾರಿ ಮ್ಯಾಲ ಹೋಗಾಂವಗ ನಲವತ್ತು ಕಿಲೋಮೀಟರ ಬ್ಯಾಟರಿ ಯಾ ಮೂಲಿಗೆ?" ಖರೆ ಮಾತು. ಹಂಗಿದ್ದವನು ಈ ಗಾಡಿ ಬ್ಯಾಡ ಅನ್ನಬೇಕಿತ್ತು ಅಂದೆ. "ಬ್ಯಾಡ ಅಂದ್ರ ತಿಂಗಳಾ ತಿಂಗಳಾ ತೆರಿಗಿ ಹೆಚ್ಚು ಕಟ್ಟಬೇಕು, ಮನ್ಯಾಗ ಹೆಂಡತಿ ಕೇಳತಾಳ" ಅಂದ. ಇಬ್ಬರೂ ನಕ್ಕೆವು. ಆದರೆ ನಾನು ನನ್ನ ಮಾತು ತಿರುಗಿ ತಗೊಂಡಿಲ್ಲ. ತಪ್ಪಿನ ದೊಡ್ಡ ಪಾಲು ಇಂಥ ಕಾಯಿದೆ ಮಾಡಿದವರದು, ವಾಯರು ಹಚ್ಚಿದ್ದನ್ನು ಅಳೆಯದೆ ಗಾಡಿಯನ್ನಷ್ಟೇ ಅಳೆದವರದು. ಉಳಿದ ಸಣ್ಣ ಪಾಲು ಓಡಿಸಿದವನದು. ಸಣ್ಣದು ಅಂದ ಮಾತ್ರಕ್ಕೆ ಅದು ಮಾಲಕ ಇಲ್ಲದ ಪಾಲಲ್ಲ.

ಅಳಿಯ ಮಾತ್ರ ಮೂರು ವರ್ಷ ವಾಯರು ಹಚ್ಚಿದ. ಅವನ ಮನೆ ಮುಂದೆ ಗಾಡಿ ನಿಲ್ಲುವಷ್ಟು ಜಾಗ ಇತ್ತು, ಆಫೀಸು ಹತ್ತಿರ ಇತ್ತು. ಆ ಅನುಕೂಲ ಅವನದು. ಜೊತೆಯವರು, ನಿನ್ನದಲ್ಲದ ಗಾಡಿಗೆ ನಿನ್ನ ಮನೆ ಕರೆಂಟು ಯಾಕೆ ಹಾಕತಿ ಅಂತ ಚಾಷ್ಟಿ ಮಾಡುತ್ತಿದ್ದರಂತೆ. ನೀ ಏನಂದಿ ಅಂತ ಕೇಳಿದೆ. "ಏನೂ ಅನಲಿಲ್ಲ. ಹಚ್ಚಿ ಮಲಗತಿದ್ದೆ" ಅಂದ.

ಗಾಡಿ ತಿರುಗಿ ಕೊಡುವ ದಿನ ಒಬ್ಬ ಬಂದು ಸುತ್ತೆಲ್ಲ ಪರೀಕ್ಷೆ ಮಾಡುತ್ತಾನೆ. ಬಾಗಿಲಿಗೆ ಗೀರು ಬಿದ್ದಿದೆಯೋ, ಟಾಯರು ಸವೆದಿದೆಯೋ, ಎರಡೂ ಕೀಲಿಕೈ ಇದ್ದಾವೋ, ಚಾರ್ಜಿನ ವಾಯರು ಇದೆಯೋ ಅಂತ. ವಾಯರು ಕಳೆದಿದ್ದರೆ ದಂಡ. ಇದ್ದರೆ ಆಯಿತು, ಅದು ಮೂರು ವರ್ಷ ದುಡಿದದ್ದೋ ಚೀಲದಲ್ಲೇ ಮಲಗಿದ್ದೋ ಕೇಳುವುದಿಲ್ಲ. ನೋಡಲು ಚೀಲದೊಳಗಿನದೇ ಹೆಚ್ಚು ಚಂದ ಕಂಡೀತು. ಅಳಿಯ ಮುಂದಿನ ದಿನವೇ ಗಾಡಿಯೊಳಗಿನ ಗುಡ್ಡಾಪುರ ದಾನಮ್ಮನ ಫೋಟೋ ತೆಗೆದಿಟ್ಟುಕೊಂಡಿದ್ದ. ಮಗಳು ಅತ್ತಳಂತೆ. ಅವನಿಗೂ ಕರುಳು ಚುರ್ರ್ ಅಂದಿತಂತೆ, ಬಾಯಿಬಿಟ್ಟು ಹೇಳಲಿಲ್ಲ, ಮಾತಿನ ದನಿಯಲ್ಲಿ ತಿಳಿಯಿತು. ನಮ್ಮದಲ್ಲದ್ದಕ್ಕೂ ಕರುಳು ಹತ್ತುತ್ತದೆ, ಆದರೆ ಅದಕ್ಕೆ ಏನಾದರೂ ಹಾಕಿದವರಿಗೆ ಮಾತ್ರ ಅಂತ ನನಗೆ ಕಾಣುತ್ತದೆ. ನಾನು ಹಾಡುವ ಪದಗಳೂ ನನ್ನವಲ್ಲ, ನಮ್ಮ ಮ್ಯಾಳದ ಹಿರಿಯರು ಬಾಯಿಂದ ಬಾಯಿಗೆ ಕೊಟ್ಟವು. ದೇವರ ಗುಡಿಯ ಡೊಳ್ಳೂ ನನ್ನದಲ್ಲ. ಅದರೂ ಮಳೆಗಾಲದಾಗ ಚರ್ಮ ತಂಪು ಹಿಡಿದೀತು ಅಂತ ಜೀವ ಹೊಯ್ದಾಡುತ್ತದೆ.

ಈಗ ಅಳಿಯನಿಗೆ ಬರೀ ಕರೆಂಟಿನ ಗಾಡಿ ಕೊಟ್ಟಿದ್ದಾರೆ. ಪೆಟ್ರೋಲಿನ ಹೊಟ್ಟೆಯೇ ಇಲ್ಲ. ವಾಯರು ಹಚ್ಚದಿದ್ದರೆ ಮುಂಜಾನೆ ನಡೆಯುವುದಿಲ್ಲ, ಹಿಂಗಾಗಿ ಎಲ್ಲರೂ ಹಚ್ಚುತ್ತಾರೆ. ಹೊಗೆಯ ಮಟ್ಟಿಗೆ ಇದೇ ಚಲೋ, ಅನುಮಾನ ಇಲ್ಲ. ಆದರೆ ಹಚ್ಚುವವನಿಗೂ ಹಚ್ಚದವನಿಗೂ ಇದ್ದ ಫರಕು ಈಗ ಕಾಣುವುದಿಲ್ಲ. ಅಳಿಯ ಇದರಲ್ಲೇನು ನಷ್ಟ ಅಂತಾನೆ. ನನಗೇನೋ ಸ್ವಲ್ಪ ನಷ್ಟ ಅನಿಸುತ್ತದೆ.

ಹಳೇ ಗಾಡಿ ಎಲ್ಲಿ ಹೋಯಿತು ಅಂತ ಕೇಳಿದೆ. ಲಾವಣಿ ಮುಗಿದ ಗಾಡಿಗಳನ್ನು ಹರಾಜಿಗೆ ಹಚ್ಚುತ್ತಾರಂತೆ, ಸಾದಾ ಮಂದಿ ತಮ್ಮ ರೊಕ್ಕ ಕೊಟ್ಟು ಒಯ್ಯುತ್ತಾರೆ. 2022ರಲ್ಲಿ ಐಸಿಸಿಟಿ ಅನ್ನುವ ಸಂಸ್ಥೆ ಮತ್ತು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಕೂಡಿ ಯುರೋಪಿನ ಸುಮಾರು 9,000 ಇಂಥ ಗಾಡಿಗಳ ಲೆಕ್ಕ ತೆಗೆದಿದ್ದರು. ಕಂಪನಿ ಗಾಡಿಗಳು ನೂರು ಕಿಲೋಮೀಟರಿನಲ್ಲಿ 11ರಿಂದ 15 ಮಾತ್ರ ಕರೆಂಟಿನ ಮೇಲೆ ಓಡಿದ್ದವು. ಸ್ವಂತದವು 45ರಿಂದ 49. ಗಾಡಿ ಅದೇ, ವಾಯರೂ ಅದೇ. ಹರಾಜಿನಲ್ಲಿ ಕೊಂಡು ಒಯ್ದವನು ಮನೆಗೆ ಹೋಗಿ ಡಿಕ್ಕಿ ತೆಗೆದು, ಆ ಪ್ಲಾಸ್ಟಿಕ್ ಚೀಲವನ್ನು ಮೊದಲ ಸಲ ಹರಿದಿರಬೇಕು.