ಜೀವಕೋಶದ ಸಾವು ತ್ಯಾಗವೇ?

ನಮ್ಮ 17ನೆಯ ವರ್ಣತಂತುವಿನಲ್ಲಿ ಟಿಪಿ53 ಎಂಬ ವಂಶವಾಹಿಯಿದೆ. ಅದು ರೂಪಿಸುವ ಪಿ53 ಎಂಬ ಪ್ರೋಟೀನನ್ನು ವಿಜ್ಞಾನಿಗಳು 1979ರಲ್ಲಿ ಗುರುತಿಸಿದರು. ಜೀವಕೋಶದ ಡಿಎನ್‌ಎಗೆ ಹಾನಿಯಾದಾಗ ಅದು ವಿಭಜನೆಯನ್ನು ತಡೆದು, ದುರಸ್ತಿಗೆ ಕಾಲಾವಕಾಶ ನೀಡುತ್ತದೆ. ಹಾನಿಯು ಸರಿಪಡಿಸಲಾಗದಷ್ಟಿದ್ದರೆ ಆ ಕೋಶವನ್ನೇ ಸಾವಿಗೆ ಒಪ್ಪಿಸುತ್ತದೆ. ಮಾನವರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ವಂಶವಾಹಿಯೇ ಕೆಟ್ಟಿರುತ್ತದೆ.

ದೇಹಕ್ಕಾಗಿ ಕೋಶವು ಸಾಯುವುದನ್ನು ತ್ಯಾಗವೆನ್ನಲು ನಮಗೆ ಆಸೆಯಾಗುತ್ತದೆ. ಆದರೆ ಆಯ್ಕೆಯಿಲ್ಲದೆಡೆ ತ್ಯಾಗವೂ ಇಲ್ಲ. ಕೋಶವಿರುವುದು ದೇಹಕ್ಕಾಗಿ, ಮನುಷ್ಯನಾದರೋ ಸಮಾಜದ ಕೋಶವಲ್ಲ. ಸಮುದಾಯದ ಒಳಿತಿನ ಹೆಸರಿನಲ್ಲಿ ರೋಗಿಯನ್ನೋ ದುರ್ಬಲನನ್ನೋ ಬಲಿಕೊಡುವವರ ಪರವಾಗಿ ನಿಸರ್ಗವು ಸಾಕ್ಷಿ ನುಡಿಯದು. ಪ್ರೀತಿಯಿಂದ ತನ್ನನ್ನೇ ಅರ್ಪಿಸಿಕೊಂಡರೆ ತ್ಯಾಗ. ಇನ್ನೊಬ್ಬರನ್ನು ಅರ್ಪಿಸಿದರೆ ಅದು ಹತ್ಯೆ. ಈ ಪ್ರೋಟೀನಿನಿಂದ ನಾವು ಕಲಿಯಬಹುದಾದುದು ಅದರ ಮೊದಲ ಹೆಜ್ಜೆಯನ್ನು: ಕೆಡುಕು ಕಂಡಲ್ಲಿ ನಿಲ್ಲುವುದು, ಸರಿಪಡಿಸಲು ಸಮಯ ಕೊಡುವುದು.