ತೆರೆದವರೇ ಮುಚ್ಚಬೇಕು

ನಮ್ಮ ಶಾಲೆಯ ಪ್ರಯೋಗಾಲಯದ ಬೀಗದ ಕೈಗೆಂದೇ ಒಂದು ಪುಸ್ತಕವಿದೆ. ಒಯ್ದವರು ಯಾರು, ಯಾವ ತರಗತಿಗಾಗಿ, ಮರಳಿಸಿದ್ದು ಯಾವಾಗ ಎಂದು ಮೂರು ಅಂಕಣ. ಮೊದಲೆರಡು ತುಂಬಿರುತ್ತವೆ, ಮೂರನೆಯದು ಅಲ್ಲಲ್ಲಿ ಖಾಲಿ. ದೂರು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಆ ಖಾಲಿ ಜಾಗಗಳಲ್ಲಿ ನನ್ನವೂ ಉಂಟು.

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಹಬ್ಬದ ಮಾರನೆಯ ರಾತ್ರಿಯೂ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಅವಳದು ವಿಚಿತ್ರ ಕೆಲಸ. ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ವಿಂಡೋಸೋ ಲಿನಕ್ಸೋ ಕಣ್ಣು ಬಿಡುವ ಮುಂಚಿನ ಕೆಲವು ಕ್ಷಣಗಳಿವೆಯಲ್ಲ, ಆಗ ಓಡುವ ಫರ್ಮ್‌ವೇರ್ ಬರೆಯುತ್ತಾಳೆ. ಮನೆಯವರು ಏಳುವ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕಿ ಒಲೆ ಹಚ್ಚುವ ಹೆಂಗಸರ ಕೆಲಸದಂಥದ್ದು ಎಂದುಕೊಂಡಿದ್ದೇನೆ.

"ಏನಾಯಿತೇ?" ಎಂದೆ.

"ಯಾರೋ ತೆರೆದು ಮುಚ್ಚಿಲ್ಲ ಅಮ್ಮ. ಹುಡುಕ್ತಾ ಇದೀನಿ."

ಕಾಫಿ ಕೊಟ್ಟು ಪಕ್ಕದಲ್ಲಿ ಕುಳಿತೆ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ವ್ಯವಸ್ಥೆಗೆ ಯು.ಇ.ಎಫ್.ಐ. ಎಂದು ಹೆಸರು. ಡಿಸ್ಕು, ಪರದೆ, ಕೀಲಿಮಣೆ ಇವುಗಳಿಂದ ಸಿಗುವ ಸೇವೆಗಳನ್ನು ಪ್ರೋಟೋಕಾಲ್ ಎನ್ನುತ್ತಾರೆ. ಹಿಂದೆ ಈ ಸೇವೆಯನ್ನು ಸುಮ್ಮನೆ ಕೇಳಿ ಪಡೆಯುತ್ತಿದ್ದರು, ಬಳಸುತ್ತಿರುವವರ ಲೆಕ್ಕವಿರಲಿಲ್ಲ. 2002ರಲ್ಲಿ ಬಂದ ಆವೃತ್ತಿಯಲ್ಲಿ ಓಪನ್ ಪ್ರೋಟೋಕಾಲ್, ಕ್ಲೋಸ್ ಪ್ರೋಟೋಕಾಲ್ ಎಂಬ ಎರಡು ಕರೆಗಳು ಸೇರಿದವು. ತೆರೆಯುವಾಗ ತಾನು ಯಾರು, ಯಾವ ಸಾಧನಕ್ಕಾಗಿ ಕೇಳುತ್ತಿದ್ದೇನೆ, ಯಾವ ಬಗೆಯ ಬಳಕೆ ಎಂದು ಹೇಳಬೇಕು. ಮುಚ್ಚುವಾಗಲೂ ಅದೇ ಹೆಸರು, ಅದೇ ಸಾಧನ ಹೇಳಬೇಕು. ಬೇರೆ ಹೆಸರಿನಲ್ಲಿ ಮುಚ್ಚಲು ಹೋದರೆ 'ಅಂಥದ್ದು ಸಿಗಲಿಲ್ಲ' ಎಂಬ ಉತ್ತರ ಬರುತ್ತದೆ. ನಮ್ಮ ಬೀಗದ ಕೈ ಪುಸ್ತಕವೇ!

ಒಂದು ಸಾಧನ ತನ್ನಿಂದ ನಡೆಯುವುದೇ ಎಂದು ಡ್ರೈವರ್ ಮೊದಲು ಪರೀಕ್ಷಿಸಿ ನೋಡುತ್ತದೆ. ನೋಡಲು ತೆರೆದದ್ದನ್ನು ಒಡನೆ ಮುಚ್ಚಬೇಕು. ಮರೆತರೆ, ಆಮೇಲೆ ಕೆಲಸಕ್ಕೆಂದು ತಾನೇ ಬಂದಾಗ 'ನೀನು ಆಗಲೇ ಶುರುಮಾಡಿದ್ದೀಯ' ಎಂದು ತಿರುಗಿ ಕಳುಹಿಸುತ್ತದೆ; ಇನ್ನೊಂದು ಡ್ರೈವರ್ ಬಂದರೆ 'ಪ್ರವೇಶವಿಲ್ಲ' ಎನ್ನುತ್ತದೆ. ಯಾರೂ ಬಳಸದ ವಸ್ತು ಯಾರಿಗೂ ಸಿಗದಂತಾಗುತ್ತದೆ. ಆ ರಾತ್ರಿ ಅವಳು ಹುಡುಕುತ್ತಿದ್ದುದು ಇಂಥ ಒಂದು ಮರೆವನ್ನು.

ನಾನು ಮೇಷ್ಟರ ಬುದ್ಧಿಯಲ್ಲಿ ಒಂದು ಪ್ರಶ್ನೆ ಹಾಕಿದೆ. "ಕೆಲವು ಕ್ಷಣಗಳಲ್ಲಿ ವಿಂಡೋಸ್ ಬಂದು ಎಲ್ಲವನ್ನೂ ತನ್ನ ವಶಕ್ಕೆ ತೆಗೆದುಕೊಳ್ಳುತ್ತದಲ್ಲ? ಆಮೇಲೆ ಈ ಲೆಕ್ಕ ಕೇಳುವವರು ಯಾರು?"

"ಯಾರೂ ಇಲ್ಲ. ಆದರೆ ಅಲ್ಲಿಯತನಕ ಬೇರೆಯವರೂ ಇರ್ತಾರಲ್ಲಮ್ಮ" ಎಂದಳು.

ಹೇಗೂ ಎಲ್ಲ ಅಳಿಯುವುದೇ, ಇನ್ನು ಅಚ್ಚುಕಟ್ಟು ಯಾಕೆ ಎಂದು ನಾವೂ ಬೇಸರದ ದಿನಗಳಲ್ಲಿ ಕೇಳಿಕೊಳ್ಳುತ್ತೇವೆ. ಇಷ್ಟು ಸರಳವಾದ ಉತ್ತರವನ್ನು ನಾನು ಕೇಳಿರಲಿಲ್ಲ.

ಆದರೆ ನನ್ನನ್ನು ಕಲಕಿದ್ದು ಅವಳು ಹೇಳಿದ ಇನ್ನೊಂದು ಸಂಗತಿ. 'ಗೆಟ್' ಎಂಬ ಒಂದು ಬಗೆಯ ಬಳಕೆಯಿದೆಯಂತೆ. ಹಾಗೆ ಪಡೆದದ್ದನ್ನು ಮುಚ್ಚಬೇಕೆಂಬ ಕಟ್ಟುಪಾಡಿಲ್ಲ. ಎಷ್ಟು ಸಲೀಸು! ಬದಲಿಗೆ, ಆ ಸೇವೆಯನ್ನು ಕಿತ್ತುಹಾಕಿದರೆ ಹಾಗೆ ಪಡೆದವರಿಗೆ ಯಾರೂ ತಿಳಿಸುವುದೂ ಇಲ್ಲ. ಅವರು ಇದೆಯೆಂದೇ ನಂಬಿ ಕೈ ಚಾಚುತ್ತಾರೆ.

ನಾನು ಹಾಸನದಲ್ಲಿ ಬಿ.ಎಡ್. ಓದುವಾಗ ಮಗಳಿಗೆ ಒಂದೂವರೆ ವರ್ಷ. ಹಿಂದಿನ ಮನೆಯ ಅಜ್ಜಿ ಬೆಳಿಗ್ಗೆಯಿಂದ ಸಂಜೆಯತನಕ ಅವಳನ್ನು ನೋಡಿಕೊಂಡರು. "ತಂದು ಬಿಡು, ನನಗೂ ಹೊತ್ತು ಹೋಗುತ್ತೆ" ಎಂದಿದ್ದರು. ಅಷ್ಟೇ ಸಾಕಾಯಿತು ನನಗೆ. ಹಬ್ಬಕ್ಕೊಂದು ಸೀರೆಯನ್ನೂ ಕೊಡಲಿಲ್ಲ. ಅವರ ಮಂಡಿನೋವು ಹೇಗಿದೆಯೆಂದು ನಿಂತು ಕೇಳಲಿಲ್ಲ. ಕೆಲಸ ಸಿಕ್ಕಿತು, ಊರು ಬಿಟ್ಟೆವು. ಮುಂದಿನ ರಜೆಗೆ ಹೋಗಿ ಬರೋಣವೆಂದು ಎಷ್ಟೋ ರಜೆಗಳು ಕಳೆದವು. ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಪರಿಚಯದವರು, "ಅಜ್ಜಿ ಹೋಗಿ ನಾಲ್ಕು ತಿಂಗಳಾಯಿತಲ್ಲ" ಎಂದರು. ನನಗೆ ಮೊದಲು ಬಂದದ್ದು ದುಃಖಕ್ಕಿಂತ ಸಿಟ್ಟು: ನನಗೇಕೆ ಯಾರೂ ತಿಳಿಸಲಿಲ್ಲ? ಯಾರು ತಿಳಿಸಬೇಕಿತ್ತು? ಆ ಮನೆಯ ಯಾವ ಪಟ್ಟಿಯಲ್ಲೂ ನನ್ನ ಹೆಸರಿರಲಿಲ್ಲ. ಬರೆಸಿಕೊಳ್ಳದೆ ಬಂದವಳು ನಾನೇ.

ಪ್ರೀತಿಯಲ್ಲಿ ಲೆಕ್ಕವೆಂಥದು ಎಂದು ನೀವು ಕೇಳಬಹುದು. ನಾನೂ ಬಹುಕಾಲ ಹಾಗೆಂದೇ ಸಮಾಧಾನ ಮಾಡಿಕೊಂಡೆ. ಅಜ್ಜಿ ಲೆಕ್ಕವಿಡದಿದ್ದದ್ದು ಅವರ ದೊಡ್ಡತನ. ಅದೇ ಮಾತನ್ನು ಪಡೆದ ನಾನು ಆಡಿದರೆ ಅದು ದೊಡ್ಡತನವಾದೀತೆ? ಕೊಟ್ಟವರು ಮರೆಯಬಹುದು, ಪಡೆದವರು ತಮ್ಮ ಹೆಸರು ಬರೆದಿಡಬೇಕು. ತೀರಿಸಲೆಂದೇ ಅಲ್ಲ, ಅವರು ಇದ್ದಾರೆಯೇ, ಹೇಗಿದ್ದಾರೆ ಎಂಬುದು ತಮಗೆ ತಿಳಿಯುತ್ತಿರಲಿ ಎಂದು.

ಇದನ್ನು ಮಗಳಿಗೆ ಹೇಳಿದೆ. ಅಜ್ಜಿಯ ನೆನಪು ಅವಳಿಗಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಕೇಳಿದಳು: "ಈಗ ಮುಚ್ಚೋಕಾಗಲ್ವಾ ಅಮ್ಮ?"

"ಅವರೇ ಇಲ್ಲವಲ್ಲ. ಹೆಸರನ್ನಾದರೂ ಬರೆಯೋಣ. ಒಯ್ದವಳು ನಾನು. ಯಾರಿಗಾಗಿ ಎಂಬ ಅಂಕಣದಲ್ಲಿ ನಿನ್ನ ಹೆಸರು."

ಮರುದಿನ ಇಬ್ಬರೂ ಹಾಸನದ ಬಸ್ಸು ಹತ್ತಿದೆವು. ಅಜ್ಜಿಯ ಸೊಸೆ ಬಾಗಿಲು ತೆರೆದರು. ಗುರುತು ಸಿಗಲಿಲ್ಲ, ಹೇಳಿಕೊಂಡೆ. ಅವರು ಮಗಳನ್ನು ಒಂದು ಗಳಿಗೆ ನೋಡಿ, "ಆ ಮಗುವಾ? ಅತ್ತೆ ಕೇಳ್ತಾನೇ ಇದ್ರು" ಎಂದರು.